ಕೆಂಪು ಬಂದ ಅರಿಶಿನ

ಜುಲೈ ೨, ೧೯೪೪, ಭಾನುವಾರ

ಕೋಲಾರಕ್ಕೆ ಬಂದು ಮೂರನೇ ವಾರ. ಇಲ್ಲಿ ನಾನು ಈವರೆಗೆ ಆಡಿದ ಮಾತನ್ನೆಲ್ಲ ಸೇರಿಸಿ ಬರೆದರೂ ಒಂದು ಪೋಸ್ಟ್ ಕಾರ್ಡು ತುಂಬುವುದಿಲ್ಲ. ಕ್ಲಾಸಿನಲ್ಲಿ ಹೆಸರು ಕೂಗಿದಾಗ ‘ಪ್ರೆಸೆಂಟ್ ಸರ್’ ಅನ್ನುವಷ್ಟರಲ್ಲಿ ಮುಂದಿನ ಹೆಸರು ಕೂಗಿರುತ್ತಾರೆ. ಸೋ ನರ್ವಸ್. ಏಳನೇ ವಯಸ್ಸಿನಿಂದ ಗಣಿ ಊರಿನ ಮಿಷನ್ ಬೋರ್ಡಿಂಗಿನಲ್ಲಿ ಬೆಳೆದವಳಿಗೆ ಕನ್ನಡವೂ ಅರ್ಧ, ತೆಲುಗೂ ಅರ್ಧ, ಇಂಗ್ಲಿಷೊಂದೇ ಪೂರ್ತಿ. ಅದನ್ನು ಇಲ್ಲಿ ಯಾರ ಹತ್ತಿರ ಆಡಲಿ? ಬೋರ್ಡಿಂಗಿನ ರಿಜಿಸ್ಟರಿನಲ್ಲಿ ಆಂಜೆಲಾ, ಮುಳಬಾಗಿಲಿನಲ್ಲಿ ಅಪ್ಪನಿಗೆ ಅಂಜಮ್ಮ, ಈ ಹಾಸ್ಟೆಲಿನಲ್ಲಿ ಹುಡುಗಿಯರಿಗೆಲ್ಲ ದೊರೆಸಾನಿ.

ಇವತ್ತು ಎಣ್ಣೆಸ್ನಾನ. ಮನೆಗಳಲ್ಲಿ ಹೆಂಗಸರಿಗೆ ಮಂಗಳವಾರ, ಶುಕ್ರವಾರವಂತೆ. ಹಾಸ್ಟೆಲಿನಲ್ಲಿ ಕಾಲೇಜಿನ ರಜೆ ನೋಡಿಕೊಂಡು ಭಾನುವಾರ. ಹೋದ ಎರಡು ವಾರ ತಲೆನೋವೆಂದು ತಪ್ಪಿಸಿಕೊಂಡಿದ್ದೆ. ಬೋರ್ಡಿಂಗಿನಲ್ಲಿ ಕಾರ್ಬಾಲಿಕ್ ಸೋಪಿನ ಬಿಲ್ಲೆ ಬಿಟ್ಟರೆ ನನ್ನ ತಲೆ ಬೇರೇನನ್ನೂ ಕಂಡದ್ದಿಲ್ಲ. ಇವತ್ತು ನನ್ನ ರೂಮಿನ ಮುನಿಯಲ್ಲಮ್ಮ ಬಿಡಲಿಲ್ಲ. ಟೇಕಲ್ಲಿನವಳು. ಹೈಸ್ಕೂಲಿನಿಂದಲೂ ಇದೇ ಹಾಸ್ಟೆಲು, ಈಗ ನನ್ನಂತೆ ಇಂಟರ್‌ಮೀಡಿಯೆಟ್ ಮೊದಲ ವರ್ಷ. ಅವಳದು ಹಿಸ್ಟರಿ, ನನ್ನದು ಸೈನ್ಸು. ಮೊಣಕಾಲಿಗೆ ತಾಗುವ ಜಡೆ.

“ಕೂತ್ಕೊಳೇ ದೊರೆಸಾನಿ. ಎಣ್ಣೆ ಹಚ್ಚಿದ್ರೆ ಇಂಗ್ಲಿಷ್ ಇಳಿದು ಹೋಗಲ್ಲ,” ಎಂದು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಹರಳೆಣ್ಣೆ ತಟ್ಟಿದಳು.

ಬಚ್ಚಲಿನಲ್ಲಿ ನೀರು ಕಾಯಿಸುವ ಮುನಿಶಾಮಮ್ಮ ಬಟ್ಟಲಲ್ಲಿ ಬಿಳಿ ಪುಡಿ ಕೊಟ್ಟಳು. ಸೀಗೆಪುಡಿಯಲ್ಲ. ‘ಕುಂತಲಕಾಂತಿ’ ಎಂಬ ಹೊಸ ಪುಡಿ. ಪೊಟ್ಟಣದ ಮೇಲೆ ಪಾದದವರೆಗೆ ಕೂದಲಿರುವ ಹೆಂಗಸಿನ ಚಿತ್ರ, ಗುಲಾಬಿ ವಾಸನೆ. ವಾರ್ಡನ್ ಶ್ಯಾಮಲಮ್ಮನವರು ಹೋದ ವರ್ಷ ಬೆಂಗಳೂರಿನ ಏಜೆಂಟನಿಂದ ತರಿಸಲು ಶುರುಮಾಡಿದರಂತೆ. “ಸೀಗೆ ಕುಟ್ಟೋದು, ಜರಡಿ ಹಿಡಿಯೋದು, ಕಣ್ಣಿಗೆ ಬಿದ್ದು ಅಳೋದು, ಇನ್ನೂ ಎಷ್ಟು ಕಾಲ? ಓದೋ ಹುಡುಗೀರಿಗೆ ಹೊಸದು ಬೇಕು,” ಅನ್ನುತ್ತಾರೆ. ಎಣ್ಣೆಯ ಜಿಡ್ಡೆಲ್ಲ ಒಂದೇ ಉಜ್ಜಿಗೆ ಹೋಯಿತು. ನೆತ್ತಿ ಸ್ವಲ್ಪ ಚುರುಗುಟ್ಟಿತು.

ಆಮೇಲೆ ಮುನಿಯಲ್ಲಮ್ಮ ತೇಯ್ದ ಅರಿಶಿನವನ್ನು ನನ್ನ ಒದ್ದೆ ಮುಖಕ್ಕೂ ಕೂದಲಂಚಿಗೂ ಹಚ್ಚಿದಳು. ಹಚ್ಚಿದ್ದು ಹಳದಿ, ನೋಡನೋಡುತ್ತ ಹಣೆಯ ಮೇಲೆ ಕೆಂಪಾಯಿತು. ಹೆದರಿಬಿಟ್ಟೆ. ಆದರೆ ಹುಡುಗಿಯರೆಲ್ಲ ಓಡಿಬಂದರು. “ದೊರೆಸಾನಿಗೆ ಕೆಂಪು ಬಂತು ಕಣ್ರೇ. ಮೊದಲನೇ ಸಲಕ್ಕೇ ಇಷ್ಟು.” ವಿಷಯ ಇಷ್ಟು: ಹೋದ ವರ್ಷ ಮೊದಲು ಹೀಗೆ ಕೆಂಪು ಬಂದ ಹುಡುಗಿಗೆ ತಿಂಗಳೊಳಗೆ ಬಿ.ಎ. ಓದಿದ ಗಂಡ ಸಿಕ್ಕಿದನಂತೆ. ಅಂದಿನಿಂದ ಹಾಸ್ಟೆಲಿನಲ್ಲಿ ಅದೇ ಶಾಸ್ತ್ರ. ಕೆಂಪು ಹೆಚ್ಚಿದಷ್ಟೂ ಗಂಡ ಹೆಚ್ಚು ಓದಿದವನು.

ನನಗೆ ನಂಬಿಕೆ ಇಲ್ಲ, ಆಫ್ ಕೋರ್ಸ್. ಆದರೂ ಊಟಕ್ಕೆ ಕೂತಾಗ ಇವತ್ತು ನನಗೂ ಪಂಕ್ತಿಯ ನಡುವೆ ಜಾಗ ಬಿಟ್ಟಿದ್ದರು.

ಜುಲೈ ೫, ಬುಧವಾರ

ಕೆಮಿಸ್ಟ್ರಿ ಲ್ಯಾಬಿನಲ್ಲಿ ನನ್ನ ಜೊತೆಗಾತಿ ಅಜ್ರಾ. ಪೇಟೆಯಲ್ಲಿ ಬೇರು, ಕಾಯಿ, ಪುಡಿ ಮಾರುವ ಗಂಧಿಗೆ ಅಂಗಡಿ ಇಟ್ಟಿರುವ ಹುಸೇನ್ ಸಾಬರ ಮಗಳು. ಮನೆಯಿಂದ ಜಟಕಾದಲ್ಲಿ ಬರುತ್ತಾಳೆ. ನಾನು ಒಂದು ಮಾತಾಡಿದರೆ ಅವಳು ಹತ್ತು. ನನ್ನ ಕೈಜಾರಿ ಟೆಸ್ಟ್ ಟ್ಯೂಬ್ ಬಿತ್ತು. “ಬೀಳ್ಲಿ ಬಿಡು. ಅದಕ್ಕೂ ನಿನ್ನ ಕಂಡ್ರೆ ಹೆದರಿಕೆ ಇರ್ಬೇಕು,” ಅಂದಳು. ಲೆಕ್ಚರರ್ ಚನ್ನರಾಯಪ್ಪನವರು ಬೈಯಲಿಲ್ಲ. ಅದೇ ಇನ್ನೂ ಕಷ್ಟ.

ಜುಲೈ ೧೬, ಭಾನುವಾರ

ಮೂರನೇ ಎಣ್ಣೆಸ್ನಾನ. ನನ್ನ ಕಿವಿಯ ಹಿಂದೆ ಚರ್ಮ ಬಿರಿದಿದೆ, ಬಾಚಿದರೆ ಕೂದಲು ಮಧ್ಯಕ್ಕೇ ಮುರಿಯುತ್ತದೆ. ನನಗೊಬ್ಬಳಿಗೇ ಅಲ್ಲ. ಮುನಿಯಲ್ಲಮ್ಮನ ನೆತ್ತಿಯಲ್ಲಿ ಕೆಂಪು ಹುಣ್ಣು, ದಿಂಬಿಗೆ ಕೀವು ಅಂಟುತ್ತದೆ. ಕೆಳಗಿನ ರೂಮಿನ ಹುಡುಗಿಯರು ತಲೆ ಕೆರೆದುಕೊಳ್ಳುತ್ತಲೇ ಓದುತ್ತಾರೆ. ಆದರೂ ಎಲ್ಲರೂ ಅರಿಶಿನದ ಕೆಂಪು ನೋಡಿಕೊಳ್ಳಲು ಕನ್ನಡಿಗೆ ಸಾಲು ನಿಲ್ಲುತ್ತಾರೆ. ಸರಿಯಾಗಿ ಕೆಂಪು ಬರಲಿಲ್ಲವೆಂದು ಒಬ್ಬಳು ಮತ್ತೆ ಹೋಗಿ ಪುಡಿ ಹಚ್ಚಿಕೊಂಡು ಬಂದಳು.

ಜುಲೈ ೧೮, ಮಂಗಳವಾರ

ಸಂಜೆ ಪ್ರಾರ್ಥನೆಯಾದ ಮೇಲೆ ಶ್ಯಾಮಲಮ್ಮನವರು ಎಲ್ಲರ ತಲೆ ನೋಡಿದರು. ಮೂಗಿಗೆ ಸೆರಗು ಹಿಡಿದುಕೊಂಡೇ ನೋಡಿದರು. “ಹೇನು, ಎಣ್ಣೆ, ಕೊಳಕು. ಪುಡಿ ಕೊಟ್ಟಿದೀನಿ, ನೀರು ಕೊಟ್ಟಿದೀನಿ, ಆದರೂ ಹೀಗೆ. ಬರೋ ಭಾನುವಾರ ಹುಣ್ಣಿರೋ ತಲೆಗೆಲ್ಲ ಕತ್ತರಿ. ಕಿವಿ ಮಟ್ಟಕ್ಕೆ ಕ್ರಾಪು.”

ರೂಮಿಗೆ ಬಂದ ಮೇಲೆ ಮುನಿಯಲ್ಲಮ್ಮ ಜಡೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

“ಬೆಳೆಯುತ್ತೆ ಬಿಡು,” ಅಂದೆ.

“ಬೆಳೆಯುತ್ತೆ. ಬೆಳೆಯೋವರ್ಗೂ ಟೇಕಲ್ಲಲ್ಲಿ, ಬೆಳೆದ ಮೇಲೆ ಹುತ್ತೂರಲ್ಲಿ. ನಿಂಗೇನು ಗೊತ್ತು. ಕೂದಲು ಕತ್ತರಿಸ್ಕೊಂಡ ಹೆಂಗಸು ಅಂದ್ರೆ ನಮ್ಮೂರಲ್ಲಿ ಒಂದೇ ಅರ್ಥ, ಗಂಡ ಸತ್ತೋಳು ಅಂತ. ನಮ್ಮಜ್ಜಿ ಸುದ್ದಿ ಕೇಳಿದ ದಿನವೇ ಬಂದು ಕರ್ಕೊಂಡು ಹೋಗ್ತಾಳೆ. ಹುತ್ತೂರಲ್ಲಿ ಸೋದರಮಾವ ಇದಾನೆ, ರೇಷ್ಮೆ ಹುಳ ಸಾಕೋನು. ಓದು ನಿಲ್ಲೋದೇ ಕಾಯ್ತಾ ಇದಾನೆ.”

ಅವಳ ಅಪ್ಪ ಗಂಗುಲಪ್ಪನವರು ಅಜ್ಜಿಯ ಮಾತು ಮೀರುವವರಲ್ಲವಂತೆ. ನನ್ನ ತಲೆಯಲ್ಲೂ ಹುಣ್ಣಿದೆ, ನನ್ನದೂ ಹೋಗುತ್ತದೆ. ಆದರೆ ನನಗೆ ಹೋಗುವುದು ಕೂದಲು ಮಾತ್ರ.

ಜುಲೈ ೨೦, ಗುರುವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಇವತ್ತು ಲ್ಯಾಬಿನಲ್ಲಿ ಕ್ಷಾರಗಳ ಪಾಠ. ಚನ್ನರಾಯಪ್ಪನವರು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರುಗಳನ್ನು ಹಂಚಿದರು. ಹುಳಿಗೆ ಅದ್ದಿದೆವು, ಹಳದಿಯೇ. ಉಪ್ಪುನೀರಿಗೆ ಅದ್ದಿದೆವು, ಹಳದಿಯೇ. ಅಗಸರು ಬಟ್ಟೆ ಬೇಯಿಸುವ ಉಬ್ಬೆಗೆ ಹಾಕುವ ಸೋಡಾದ ನೀರಿಗೆ ಅದ್ದಿದಾಗ ಕಾಗದ ಕೆಂಪಾಯಿತು.

ನನ್ನ ಹಣೆಯ ಮೇಲೆ ಕಂಡ ಕೆಂಪು. ಅದೇ.

“ಏನಾಯ್ತೇ? ಪಿಶಾಚಿ ನೋಡಿದೋಳ ಹಂಗೆ,” ಅಂದಳು ಅಜ್ರಾ. ಹೇಳಿದೆ. ಅವಳು ನಗಲಿಲ್ಲ. “ನಮ್ಮ ಅಮ್ಮಿ ಮೊದ್ಲಿಂದ ಅಂತಾ ಇದ್ರು, ಆ ಬಿಳಿ ಪುಡಿ ಮುಟ್ಟಬೇಡ, ವಾಸನೆ ಹೂವಿಂದು ಗುಣ ಸುಣ್ಣದ್ದು ಅಂತ. ಇರು, ನಾಳೆ ಒಂದು ಪೊಟ್ಟಣ ತಗೊಂಡು ಬಾ.”

ಜುಲೈ ೨೧, ಶುಕ್ರವಾರ

ತೆಗೆದುಕೊಂಡು ಹೋದೆ. ಒಂದು ಚಿಟಿಕೆ, ಒಂದು ಬೊಗಸೆ ನೀರು. ಕಾಗದ ರಕ್ತದ ಹಾಗೆ. ಅಜ್ರಾ ಮನೆಯಿಂದ ತಂದ ಸೀಗೆಪುಡಿಯಲ್ಲಿ ಕಾಗದದ ಹಳದಿ ಕದಲಲಿಲ್ಲ.

ಸಂಜೆ ಶ್ಯಾಮಲಮ್ಮನವರ ಕೋಣೆಯ ಬಾಗಿಲವರೆಗೆ ಹೋದೆ. ಅವರು ಎಲೆಯಡಿಕೆ ಹಾಕಿಕೊಳ್ಳುತ್ತ “ಏನಮ್ಮಾ?” ಅಂದರು. “ನಥಿಂಗ್ ಮೇಡಂ,” ಅಂದು ವಾಪಸು ಬಂದೆ. ಇಂಗ್ಲಿಷಿನಲ್ಲಿ ಸುಳ್ಳು ಹೇಳುವುದು ಎಷ್ಟು ಸುಲಭ.

ಜುಲೈ ೨೩, ಭಾನುವಾರ

ಮರೆಯುವ ಮೊದಲು ಬರೆಯುತ್ತೇನೆ.

ಬೆಳಿಗ್ಗೆ ಜಗುಲಿಯ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಟವಲು, ಶ್ಯಾಮಲಮ್ಮನವರ ಕೈಯಲ್ಲಿ ದರ್ಜಿಯ ಕತ್ತರಿ. ಮೊದಲ ಹೆಸರು ಮುನಿಯಲ್ಲಮ್ಮ. ಅವಳು ಎದ್ದಳು. ನಾನು ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ದೇವರ ಗೂಡಿನಿಂದ ಆರತಿ ತಟ್ಟೆ ಎತ್ತಿಕೊಂಡು ಬಂದೆ. ನೀರು ಹಾಕಿ ಅರಿಶಿನ ಕಲಸಿದೆ.

“ಏನಿದು, ಯಾರಿಗೆ ಆರತಿ?” ಅಂದರು ಶ್ಯಾಮಲಮ್ಮನವರು.

“ಮೇಡಂ, ಆರತಿ ನೀರು ಕೆಂಪಾಗೋಕೆ ಏನು ಹಾಕ್ತೀರಿ?”

“ಸುಣ್ಣ ಹಾಕ್ತೀವಿ. ಮಗೂಗೂ ಗೊತ್ತು.”

“ಇವತ್ತು ಸುಣ್ಣ ಹಾಕಲ್ಲ.” ಪೊಟ್ಟಣದಿಂದ ಚಿಟಿಕೆ ಪುಡಿ ತೆಗೆದು ತಟ್ಟೆಯಲ್ಲಿ ಉದುರಿಸಿ ಬೆರಳಾಡಿಸಿದೆ. ತಟ್ಟೆ ತುಂಬ ಕೆಂಪು. ಹುಡುಗಿಯರು ಕತ್ತು ಚಾಚಿದರು. ಇನ್ನೊಂದು ಬಟ್ಟಲಲ್ಲಿ ಅರಿಶಿನಕ್ಕೆ ಅಜ್ರಾಳ ಸೀಗೆಪುಡಿ ಕಲಸಿ ಪಕ್ಕದಲ್ಲಿಟ್ಟೆ. ಬಣ್ಣ ಕಂದಿತು, ಕೆಂಪು ಮಾತ್ರ ಏರಲಿಲ್ಲ. “ನಮ್ಮ ಹಣೆ ಕೆಂಪಾಗ್ತಾ ಇದ್ದದ್ದು ಅದೃಷ್ಟದಿಂದಲ್ಲ. ಇದರಲ್ಲಿ ಅಗಸರ ಸೋಡಾ ಇದೆ. ನಮ್ಮ ತಲೆಯನ್ನ ನಾವೇ ಉಬ್ಬೆಗೆ ಹಾಕ್ಕೋತಾ ಇದೀವಿ.”

ಶ್ಯಾಮಲಮ್ಮನವರು ಸುಲಭಕ್ಕೆ ಸೋಲುವವರಲ್ಲ. “ಆರತಿ ನೀರು ಮೈಮೇಲೆ ಬಿದ್ದು ಯಾರಿಗಾದ್ರೂ ಹುಣ್ಣಾಗಿದೆಯಾ?”

“ಅದರಲ್ಲಿ ಸುಣ್ಣ ಚಿಟಿಕೆ ಮೇಡಂ. ಎಲೆಗೆ ಸುಣ್ಣ ಒಂದಿಷ್ಟು ಹೆಚ್ಚಾದ್ರೆ ಬಾಯಿ ಸುಡಲ್ವಾ? ನಾವು ವಾರವಾರ ಹಿಡಿಗಟ್ಟಲೆ ತಿಕ್ತಾ ಇದೀವಿ.”

ಅವರ ಬಾಯಲ್ಲಿ ಎಲೆಯಿತ್ತು. ಅಗಿಯುವುದನ್ನು ನಿಲ್ಲಿಸಿದರು. ಒಲೆಯ ಹತ್ತಿರದಿಂದ ಮುನಿಶಾಮಮ್ಮ, “ನಿಜ ತಾಯಿ, ನನ್ನ ಬೆರಳ ಸಂದಿ ನೋಡಿ, ಪುಡಿ ಕಲಸಿ ಕಲಸಿ ಹೆಂಗಾಗೈತೆ,” ಅಂದಳು.

ಕೊನೆಗೆ ಶ್ಯಾಮಲಮ್ಮನವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. “ಮೂರು ಭಾನುವಾರ ಕೊಡ್ತೀನಿ. ಪುಡಿ ನಿಲ್ಲಲಿ. ತಲೆಗೆ ಏನು ಹಾಕ್ಬೇಕು ಅಂತ ನೀನೇ ಆರಿಸು. ಮೂರನೇ ಭಾನುವಾರ ಒಬ್ಬಳ ತಲೇಲಿ ಹಸಿ ಹುಣ್ಣು ಕಂಡ್ರೂ, ಮೊದಲು ನಿನ್ನ ಜಡೆ, ಆಮೇಲೆ ಅವಳದು. ಒಪ್ಪಿಗೆನಾ?”

ಒಪ್ಪಿಗೆ ಅಂದೆ.

ಜುಲೈ ೨೬, ಬುಧವಾರ

ಕಾಲೇಜು ಬಿಟ್ಟ ಮೇಲೆ ಮುನಿಶಾಮಮ್ಮನ ಜೊತೆ ಹುಸೇನ್ ಸಾಬರ ಅಂಗಡಿಗೆ. ಅಜ್ರಾ ಒಳಗಿನ ಪರದೆಯ ಹಿಂದಿನಿಂದ ಅಪ್ಪನಿಗೆ ಹೇಳುತ್ತಿದ್ದಳು, “ಹಳೇ ಮೂಟೆದು ಕೊಡ್ಬೇಡಿ ಅಬ್ಬಾ, ಇವಳು ಕಾಗದ ಅದ್ದಿ ನೋಡ್ತಾಳೆ.”

“ನೋಡ್ಲಿ ಬೇಟಿ, ನಮ್ಮ ಮಾಲು ಕಾಗದಕ್ಕೆ ಹೆದರಲ್ಲ,” ಅಂದರು ಸಾಬರು.

ಪುಡಿ ಮಾಡಿಟ್ಟದ್ದನ್ನು ತೆಗೆದುಕೊಳ್ಳಲಿಲ್ಲ. ಪುಡಿಯಾದ ಮೇಲೆ ಅದರೊಳಗೆ ಏನು ಸೇರಿದೆ ಎಂದು ಯಾರಿಗೆ ಗೊತ್ತು? ಇಡೀ ಸೀಗೆಕಾಯಿ, ಮುರಿದರೆ ಚಟ್ಟೆನ್ನುವಂಥದು, ಅಂಟುವಾಳಕಾಯಿ ಸ್ವಲ್ಪ, ಮೆಂತ್ಯ. ಅಂಟುವಾಳ ಹೆಚ್ಚಾದರೆ ಅದೂ ತಲೆ ಒಣಗಿಸುತ್ತದೆಂದು ಮುನಿಶಾಮಮ್ಮ ಒಂದಿಷ್ಟನ್ನು ಹಿಂದಕ್ಕೆ ಹಾಕಿಸಿದಳು. ಗುಲಾಬಿ ಅತ್ತರು ಎರಡು ಹನಿ ಬಿಟ್ಟುಕೊಡಲೇ ಎಂದು ಸಾಬರು ಕೇಳಿದರು. ಬೇಡವೆಂದೆ. ವಾಸನೆಗೆ ಮರುಳಾಗಿಯೇ ಇಷ್ಟೆಲ್ಲ ಆದದ್ದು.

ಹುಣ್ಣಿಗೆ ಹೊಂಗೆ ಎಣ್ಣೆ. ವಾಸನೆ ಕಹಿ. ಸಹಿಸಬೇಕು.

ಜುಲೈ ೩೦, ಭಾನುವಾರ

ಬೆಳಿಗ್ಗೆಯಿಂದ ಒರಳಿನ ಸದ್ದು. ಸರದಿಯ ಮೇಲೆ ಎಲ್ಲರೂ ಕುಟ್ಟಿದರು, ಎಲ್ಲರೂ ಸೀನಿದರು, ಎಲ್ಲರೂ ನನ್ನನ್ನು ಬೈದರು. “ದೊರೆಸಾನಿ ಬಂದು ನಮ್ಮನ್ನ ಅಜ್ಜೀರ ಕಾಲಕ್ಕೆ ಕಳ್ಸಿದ್ಲು.” ನೊರೆ ಕಡಿಮೆ. ಜಿಡ್ಡು ಹೋಗುವುದಿಲ್ಲವೆಂದು ಗೊಣಗಿದವರಿಗೆ ಎಣ್ಣೆಯನ್ನೇ ಕಡಿಮೆ ಹಚ್ಚಿ ಅಂದೆ. ಅನ್ನ ಬಸಿದ ಗಂಜಿನೀರಿನಲ್ಲಿ ಸೀಗೆ ಕಲಸಿದರೆ ಒಳ್ಳೆಯದೆಂದು ಮುನಿಶಾಮಮ್ಮ ತೋರಿಸಿದಳು, ಅದನ್ನೂ ಮಾಡಿದೆವು. ಕನ್ನಡಿಯ ಮುಂದೆ ಸಾಲಿರಲಿಲ್ಲ. ಯಾರ ಮುಖದಲ್ಲೂ ಕೆಂಪಿಲ್ಲ. ಮದುವೆ ಮನೆಯ ದೀಪ ಆರಿದ ಹಾಗೆ ಕೂತಿದ್ದರು. ಪಾಪ ಅನ್ನಿಸಿತು.

ಆಗಸ್ಟ್ ೨, ಬುಧವಾರ

ಅರಿಶಿನದ ಕಾಗದ ನನ್ನ ಪೆಟ್ಟಿಗೆಯಲ್ಲಿದೆ ಎಂದು ಸುದ್ದಿಯಾಗಿದೆ. ನಿನ್ನೆ ಸಂಜೆ ಹೊತ್ತಿಗೆ ರೂಮಿನ ಮುಂದೆ ಸಂತೆ. ಹಲ್ಲುಪುಡಿ, ಪೌಡರು, ಸೋಪಿನ ಚೂರು, ಹಣೆಗೆ ಇಡುವ ಸಾದು, ಏನೇನೋ. ಅಂಗಡಿಯ ಸೋಪೆಲ್ಲ ಕಾಗದವನ್ನು ಅಷ್ಟಿಷ್ಟು ಕೆಂಪು ಮಾಡಿತು. ಬಟ್ಟೆಗೆ ಇಟ್ಟುಕೊಳ್ಳಿ, ಮುಖಕ್ಕೆ ಕಡಲೆಹಿಟ್ಟು ಅಂದೆ.

ಶ್ರೀನಿವಾಸಪುರದ ಹುಡುಗಿಯೊಬ್ಬಳು ಮುಖ ಬಿಳುಪಾಗುವ ಸ್ನೋ ಡಬ್ಬಿ ತಂದಳು. ಅವಳ ಕೆನ್ನೆ ಸಿಪ್ಪೆ ಎದ್ದಿದೆ. ಕಾಗದ ಹಳದಿಯಾಗಿಯೇ ಉಳಿಯಿತು. “ನೋಡು, ಪಾಸ್,” ಅಂದಳು. ಇವತ್ತು ಚನ್ನರಾಯಪ್ಪನವರನ್ನೇ ಕೇಳಿದೆ. ಕ್ಲಾಸಿನ ನಡುವೆ ಎದ್ದು ನಿಂತು ಕೇಳಿದೆ.

“ಕೆಂಪಾಗದ್ದೆಲ್ಲ ಒಳ್ಳೇದು ಅಂತ ಬರ್ಕೋಬೇಡಮ್ಮ,” ಅಂದರು. “ನಾಗರಹಾವನ್ನ ತಂದು ಅದ್ದಿದರೂ ಆ ಕಾಗದ ಕೆಂಪಾಗಲ್ಲ. ಅಂಥ ಬಿಳುಪಿನ ಮುಲಾಮುಗಳಲ್ಲಿ ಕೆಲವಕ್ಕೆ ಪಾದರಸ ಸೇರಿಸ್ತಾರೆ. ಇದರಲ್ಲಿದೆಯೋ ಇಲ್ಲವೋ ನನಗೂ ಗೊತ್ತಿಲ್ಲ. ಏನಿದೆ ಅಂತ ಮಾರೋನು ಹೇಳದಿದ್ರೆ ಅದೇ ಬಿಡೋಕೆ ಕಾರಣ.”

ವಾಪಸು ಬಂದು ಅವಳಿಗೆ ಹಾಗೇ ಹೇಳಿದೆ. “ಕಾಗದ ಏನೂ ಹೇಳ್ತಿಲ್ಲ, ನಿನ್ನ ಕೆನ್ನೆ ಹೇಳ್ತಿದೆ,” ಅಂದೆ. ಅವಳು ಮುನಿಸಿಕೊಂಡು ಹೋದಳು. ಊಟದ ಹೊತ್ತಿಗೆ ಡಬ್ಬಿಯನ್ನು ಮುನಿಶಾಮಮ್ಮನ ಕಸದ ಬುಟ್ಟಿಯಲ್ಲಿ ಕಂಡೆ.

ಆಗಸ್ಟ್ ೬, ಭಾನುವಾರ

ಹುಣ್ಣುಗಳು ಒಣಗುತ್ತಿವೆ. ಇವತ್ತು ನಾನೇ ಎಲ್ಲರ ತಲೆ ಬೈತಲೆ ತೆಗೆದು ನೋಡಿದೆ. ನನ್ನದರಲ್ಲಿ ಹೊಟ್ಟು ಮಾತ್ರ. ಕೆಳಗಿನ ರೂಮಿನವರು ಕೆರೆಯುವುದನ್ನು ಬಿಟ್ಟಿದ್ದಾರೆ. ಮುನಿಯಲ್ಲಮ್ಮನ ನೆತ್ತಿ ಮಾತ್ರ ಹಸಿಯಾಗಿದೆ. ಹೋದ ವಾರಕ್ಕಿಂತ ಹೆಚ್ಚೇ. “ನನ್ನ ಮೈಗುಣ ಕಣೇ,” ಅಂದು ತಲೆ ತಿರುಗಿಸಿಕೊಂಡಳು.

ಅವಳ ಅಜ್ಜಿ ಕದಿರಮ್ಮ ಮುಂದಿನ ಭಾನುವಾರ ಬರುತ್ತಾರಂತೆ. ಹುತ್ತೂರಿನವರು ಅವಸರ ಮಾಡುತ್ತಿದ್ದಾರೆ.

ಆಗಸ್ಟ್ ೮, ಮಂಗಳವಾರ

ಇವತ್ತು ಬೆಳಿಗ್ಗೆ ಮುಖ ತೊಳೆಯಲು ಬಚ್ಚಲಿಗೆ ಹೋದರೆ ಮುನಿಯಲ್ಲಮ್ಮ ತಲೆ ಒರೆಸಿಕೊಳ್ಳುತ್ತಿದ್ದಳು. ಬಚ್ಚಲು ತುಂಬ ಗುಲಾಬಿ ವಾಸನೆ. ತಿರುಗಿದಳು. ಹಣೆಯ ಮೇಲೆ ಅರಿಶಿನ ಕೆಂಪಗೆ.

ಟವಲು ಹಣೆಗೆ ಎಳೆದುಕೊಂಡಳು.

“ಪುಡಿ ಎಲ್ಲಿತ್ತು?” ಎಂದೆ.

“ಟ್ರಂಕಲ್ಲಿ. ಒಂದು ಪೊಟ್ಟಣ ಎತ್ತಿಟ್ಟಿದ್ದೆ.”

“ಭಾನುವಾರ ಹಸಿ ಕಂಡ್ರೆ ಏನಾಗುತ್ತೆ ಗೊತ್ತಲ್ಲ.”

“ಗೊತ್ತು. ಭಾನುವಾರ ಅಜ್ಜೀನೂ ಬರ್ತಾಳೆ. ಅಷ್ಟರೊಳಗೆ ಬೇರೆ ಕಡೆಯಿಂದ ಒಂದು ಸಂಬಂಧ ಬಂದ್ರೆ, ಓದಿರೋನು, ಓದ್ಸೋನು, ಆಗ ಅಜ್ಜಿ ಹುತ್ತೂರು ಬಿಡ್ತಾಳೆ. ಆ ಹುಡುಗಿಗೆ ತಿಂಗಳೊಳಗೆ ಬರ್ಲಿಲ್ವಾ? ನಿಂಗೆ ಅದು ಸೋಡಾ. ನಂಗೆ ಬೇರೆ ಏನಿದೆ, ಹೇಳು?”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಯಾರ ಮೇಲೆಂದು ಗೊತ್ತಿಲ್ಲ. ಅವಳ ಬಟ್ಟಲಲ್ಲಿ ಉಳಿದಿದ್ದ ಪುಡಿಯ ನೀರನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುರಿದೆ. ಅರಿಶಿನದ ಮುದ್ದೆ ತೆಗೆದು ಕಲ್ಲಿಗೆ ಬಳಿದೆ. ಕಲ್ಲು ಕೆಂಪಾಯಿತು, ಅವಳ ಹಣೆಗಿಂತ ಹೆಚ್ಚು.

“ನೋಡು. ಈ ಕಲ್ಲಿಗೆ ಎಂ.ಎ. ಮಾಡಿರೋ ಗಂಡ ಬರ್ತಾನೆ.”

ಅವಳು ಕಲ್ಲನ್ನು ನೋಡಿದಳು. ನಗು ತಡೆಯಲಾಗದೆ ಬಾಯಿಗೆ ಟವಲು ಒತ್ತಿಕೊಂಡಳು. “ವರದಕ್ಷಿಣೆ ಇಲ್ದೆ,” ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ಅದೇ ಕಲ್ಲಿನ ಅಂಚಿಗೆ ಕೂತು ಅತ್ತಳು.

“ಹಂಗಾದ್ರೆ ನಾನು ಓದ್ತೀನಿ ಅಂತ ಅಜ್ಜಿಗೆ ಯಾರು ಹೇಳ್ತಾರೆ?”

“ನೀನೇ ಹೇಳ್ಬೇಕು.”

“ನಂಗಾಗಲ್ಲ ಕಣೇ. ನಿನ್ನಷ್ಟು ಧೈರ್ಯ ನಂಗಿಲ್ಲ.”

ಅವಳು ಯಾರ ವಿಷಯ ಹೇಳುತ್ತಿದ್ದಾಳೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳಿಗೆ ಕಣ್ಣು ಸರಿಯಿಲ್ಲ ಅಂದುಕೊಂಡೆ. ಪೊಟ್ಟಣ ಚರಂಡಿಗೆ ಸುರಿದೆವು. ಅವಳ ನೆತ್ತಿಗೆ ಹೊಂಗೆ ಎಣ್ಣೆ ಹಚ್ಚಿದೆ.

ಆಗಸ್ಟ್ ೧೧, ಶುಕ್ರವಾರ

ದಿನಾ ಎರಡು ಹೊತ್ತು ಎಣ್ಣೆ. ಬೇವಿನ ಸೊಪ್ಪು ಕುದಿಸಿ ತೊಳೆದೆ. ಒಣಗುವ ಕಡೆ ತಿರುಗಿದೆ, ಆದರೆ ಭಾನುವಾರದೊಳಗೆ ಪೂರ್ತಿ ಆಗುವುದಿಲ್ಲ. ಅವಳ ಗುಟ್ಟನ್ನು ನಾನು ಹೇಳುವುದಿಲ್ಲ. ನನ್ನ ಜಡೆ ಕೊಟ್ಟು ಅವಳದಕ್ಕೆ ಇನ್ನೊಂದು ವಾರ ಕೇಳುತ್ತೇನೆ. ಶ್ಯಾಮಲಮ್ಮನವರು ಬೇಡವೆಂದರೆ ಹುಡುಗಿಯರೆಲ್ಲರ ತಲೆ ತೋರಿಸಿ ವಾದ ಮಾಡುತ್ತೇನೆ. ಇದರಲ್ಲಿ ಯೋಚಿಸುವುದೇನೂ ಇಲ್ಲ. ಸೋಮವಾರ ಫಿಸಿಕ್ಸ್ ಟೆಸ್ಟಿದೆ, ಅದನ್ನು ಓದಬೇಕು.

ಆಗಸ್ಟ್ ೧೩, ಭಾನುವಾರ

ಬೆಳಗಿನ ಗಾಡಿಗೇ ಕದಿರಮ್ಮ ಬಂದಿಳಿದರು. ಗಿಡ್ಡಗೆ, ಗಟ್ಟಿಯಾಗಿ, ಕಿವಿಯಲ್ಲಿ ದೊಡ್ಡ ಓಲೆ; ಕಂಕುಳಲ್ಲಿ ಮಡಿಸಿದ ಖಾಲಿ ಗೋಣಿಚೀಲ. ಅದು ಮೊಮ್ಮಗಳ ಹಾಸಿಗೆ, ಪುಸ್ತಕ ತುಂಬಿಕೊಂಡು ಹೋಗಲು. ನೋಡಿದ ಕೂಡಲೇ ತಿಳಿಯಿತು. ಜಗುಲಿಯ ಮೆಟ್ಟಿಲ ಮೇಲೆ ಕೂತರು.

ಮತ್ತೆ ಕುರ್ಚಿ, ಟವಲು, ಕತ್ತರಿ. ಶ್ಯಾಮಲಮ್ಮನವರು ಒಬ್ಬೊಬ್ಬಳ ತಲೆಯನ್ನೂ ಬೆಳಕಿಗೆ ಹಿಡಿದು ನೋಡಿದರು. ಈ ಸಲ ಮೂಗಿಗೆ ಸೆರಗು ಹಿಡಿಯಲಿಲ್ಲ. “ಒಣಗಿದೆ. ಒಣಗಿದೆ. ಹೋಗು.” ಕೊನೆಗೆ ಮುನಿಯಲ್ಲಮ್ಮ. ಬೆರಳು ನೆತ್ತಿಯ ಹತ್ತಿರ ನಿಂತಿತು.

“ಹಸಿ. ಅಂಜಮ್ಮ, ಮಾತು ನೆನಪಿದೆಯಲ್ಲ.”

“ಇದೆ ಮೇಡಂ.” ಹೋಗಿ ಕುರ್ಚಿಯಲ್ಲಿ ಕೂತೆ. ಟವಲು ನಾನೇ ಹೊದ್ದುಕೊಂಡೆ. “ನನ್ನದು ತೆಗೀರಿ. ಅವಳಿಗೆ ಇನ್ನೊಂದು ವಾರ ಕೊಡಿ. ಒಣಗೋ ಕಡೆ ತಿರುಗಿದೆ, ನೀವೇ ಮುಟ್ಟಿ ನೋಡಿ.”

ಶ್ಯಾಮಲಮ್ಮನವರು ನನ್ನ ಜಡೆ ಹಿಡಿದರು. ಕತ್ತರಿಯ ತಣ್ಣಗಿನ ಅಲಗು ಕುತ್ತಿಗೆಗೆ ತಗುಲಿತು.

“ನಿಲ್ಸಿ ಮೇಡಂ,” ಅಂದಳು ಮುನಿಯಲ್ಲಮ್ಮ. ಅವಳ ದನಿಯೇ ಅಲ್ಲವೇನೋ ಅನ್ನಿಸಿತು. “ಅವಳ ತಪ್ಪಿಲ್ಲ. ಎಲ್ಲಾರೂ ಪುಡಿ ಬಿಟ್ರು. ನಾನು ಬಿಡ್ಲಿಲ್ಲ. ಕದ್ದು ಹಚ್ಕೊಂಡೆ, ಈ ಮಂಗಳವಾರದವರ್ಗೂ.”

ಮೆಟ್ಟಿಲ ಮೇಲಿಂದ ಕದಿರಮ್ಮ ಕೇಳಿದರು, “ಯಾಕೆ ತಲ್ಲೀ?”

ಅವಳು ಅಜ್ಜಿಯ ಕಡೆ ತಿರುಗಿದಳು. ಕೈ ಟವಲಿನ ಅಂಚನ್ನು ಹಿಂಡುತ್ತಿತ್ತು, ಅದು ನನ್ನ ಹೆಗಲ ಮೇಲಿದ್ದ ಟವಲು. “ಕೆಂಪು ಬಂದ್ರೆ ಓದಿರೋ ಗಂಡ ಸಿಗ್ತಾನೆ ಅಂತ. ನಂಗೆ ಹುತ್ತೂರು ಬೇಡ ಅಜ್ಜೀ. ಮಾವ ಒಳ್ಳೇನೇ. ಆದ್ರೂ ಬೇಡ. ಇಂಟರ್ ಮುಗಿಸ್ತೀನಿ. ಆಮೇಲೂ ಓದ್ತೀನಿ.”

ಕದಿರಮ್ಮ ಎದ್ದು ಬಂದರು. ಮೊಮ್ಮಗಳ ತಲೆಯನ್ನು ಎರಡು ಕೈಯಲ್ಲೂ ಬಗ್ಗಿಸಿ ಹುಣ್ಣನ್ನು ಬಹಳ ಹೊತ್ತು ನೋಡಿದರು.

“ಇದನ್ನ ಹೇಳಕ್ಕೆ ತಲೆ ಸುಟ್ಕೊಂಡ್ಯಾ? ಬಾಯಿ ಇರ್ಲಿಲ್ವಾ ನಿಂಗೆ?”

ಅವಳು ಅತ್ತಳು. ನಾನು ಟವಲು ತೆಗೆದು ಎದ್ದು ನಿಂತು, “ಮೇಡಂ, ಎಲ್ಲರಿಗೂ ಒಂದೇ ಸೀಗೆ, ಒಂದೇ ನೀರು. ಪುಡಿ ಬಿಟ್ಟ ತಲೆಯೆಲ್ಲ ಒಣಗಿತು, ಬಿಡದ ತಲೆಯೊಂದೇ ಹಸಿ. ಇನ್ನು ನನ್ನ ಅರಿಶಿನದ ಕಾಗದ ಬೇಕಿಲ್ಲ,” ಅಂದೆ.

ಶ್ಯಾಮಲಮ್ಮನವರು ಕತ್ತರಿಯನ್ನು ನೋಡಿದರು, ಸಾಲು ನಿಂತ ತಲೆಗಳನ್ನು ನೋಡಿದರು. ಅವರಿಗೆ ನೋವಾಗಿತ್ತು, ಪುಡಿ ತರಿಸಿದ್ದು ನಮ್ಮ ಒಳ್ಳೆಯದಕ್ಕೇ. “ಮುನಿಶಾಮಮ್ಮ,” ಎಂದು ಕರೆದರು, “ಸ್ಟೋರಿನಲ್ಲಿ ಉಳಿದಿರೋ ಪುಡಿಯೆಲ್ಲ ನಮ್ಮ ಅಗಸನಿಗೆ ಕೊಟ್ಟುಬಿಡು. ಅವನಿಗಾದ್ರೂ ಉಪಯೋಗಕ್ಕೆ ಬರ್ಲಿ.” ಆಮೇಲೆ ನನ್ನ ಕಡೆ ತಿರುಗಿ, “ಈ ತಿಂಗಳ ಸೀಗೆಗೆ ನೀನೇ ಹೋಗಿ ಬಾ,” ಅಂದರು. ಮುನಿಯಲ್ಲಮ್ಮನ ಜಡೆಯ ವಿಷಯ ಎತ್ತಲೇ ಇಲ್ಲ.

ಮಧ್ಯಾಹ್ನವೆಲ್ಲ ಅಜ್ಜಿ ಮೊಮ್ಮಗಳು ಜಗುಲಿಯಲ್ಲೇ. ಕದಿರಮ್ಮ ಹುಣ್ಣಿನ ಸುತ್ತ ಒಂದು ಹನಿಯೂ ಚೆಲ್ಲದ ಹಾಗೆ ಎಣ್ಣೆ ಹಚ್ಚುತ್ತಿದ್ದರು, ಹಚ್ಚುತ್ತ ಬೈಯುತ್ತಿದ್ದರು, ಅರ್ಧ ಕನ್ನಡ ಅರ್ಧ ತೆಲುಗು. ನಾನು ನೀರು ಕೊಡಲು ಹೋದಾಗ ಮಾತು ಹುತ್ತೂರಿಗೆ ಬಂದಿತ್ತು.

“ಅವನಿಗೆ ನಾನು ಹೇಳ್ತೀನಿ. ಬೇಡ ಅಂದ್ಲು ಅಂತ ಹೇಳಲ್ಲ, ಓದು ಮುಗೀಲಿ ಅಂತೀನಿ. ಹುಳ ಗೂಡು ಕಟ್ಟೋವರ್ಗೂ ಕಾಯೋ ಗಂಡಸು, ಇದಕ್ಕೂ ಕಾಯ್ತಾನೆ. ಕಾಯದೆ ಇದ್ರೆ ಬೇರೆ ಕಡೆ ನೋಡ್ಕೋತಾನೆ. ನಿಮ್ಮಪ್ಪನ್ನ ನಂಗೆ ಬಿಡು.” ನನ್ನನ್ನು ನೋಡಿ, “ಈಕೇನಾ ನಿನ್ನ ದೊರೆಸಾನಿ? ನಮ್ಮ ಹಂಗೇ ಮಾತಾಡ್ತಾಳಲ್ಲೇ,” ಅಂದರು.

ಸಂಜೆ ನಾವಿಬ್ಬರೂ ಅಜ್ಜಿಯನ್ನು ಸ್ಟೇಷನ್ನಿಗೆ ಕಳಿಸಲು ಹೋದೆವು. ಬೌರಿಂಗ್‌ಪೇಟೆಯಲ್ಲಿ ಗಾಡಿ ಬದಲಿಸುವಾಗ ಜೋಪಾನ ಎಂದು ಮುನಿಯಲ್ಲಮ್ಮ ಮೂರು ಸಲ ಹೇಳಿದಳು. ಗಾಡಿ ಸಣ್ಣದು, ಜನ ತುಂಬಿದ್ದರು. ಕದಿರಮ್ಮ ಹಲಗೆಯ ಮೇಲೆ ಜಾಗ ಮಾಡಿಕೊಂಡು, ಖಾಲಿ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂತರು.